ಹಾಡು ಎಲ್ಲರ ಬಾಯಲ್ಲಿ, ಹೆಸರು ಮರೆಯಲ್ಲಿ: ಸಿಂಡಿ ವಾಕರ್

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಜಿಮ್ ರೀವ್ಸ್ ಹೆಸರು ಕೇಳದ ಹಿರಿಯರು ವಿರಳ. ಗಲ್ಫಿಗೆ ದುಡಿಯಲು ಹೋದವರು ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದ ಕಾಲದಿಂದಲೂ ಅವರ ಮೃದುವಾದ ಧ್ವನಿ ನಮ್ಮ ಮನೆಗಳ ಒಂದು ಭಾಗವಾಗಿದೆ. ಕ್ರಿಸ್ಮಸ್ ಹತ್ತಿರ ಬಂದು ಅಡುಗೆಮನೆಯಲ್ಲಿ ಕುಸ್ವಾರ್ ತಯಾರಾಗುತ್ತಿದ್ದರೆ ಚಾವಡಿಯಲ್ಲಿ ಅವರ ಕ್ಯಾಸೆಟ್ ಹಾಡುತ್ತಿತ್ತು. ಅವರ ‘ಡಿಸ್ಟಂಟ್ ಡ್ರಮ್ಸ್’ ಹಾಡನ್ನು ಇಂದಿಗೂ ಗುನುಗುವವರಿದ್ದಾರೆ. ಆದರೆ ಆ ಹಾಡನ್ನು ಬರೆದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನವಾಗುತ್ತೇವೆ.

ಆ ಹಾಡಿನ ಸಾಹಿತ್ಯ, ರಾಗ ಎರಡನ್ನೂ ರಚಿಸಿದವರು ಅಮೆರಿಕದ ಟೆಕ್ಸಸ್ ರಾಜ್ಯದ ಸಿಂಡಿ ವಾಕರ್. ಅಲ್ಲಿನ ಗ್ರಾಮೀಣ ಜನರ ಬದುಕಿನಿಂದ ಹುಟ್ಟಿದ ‘ಕಂಟ್ರಿ’ ಸಂಗೀತದ ಲೋಕದಲ್ಲಿ ಅವರದು ದೊಡ್ಡ ಹೆಸರು. ಸಂಗೀತಗಾರರು ಅವರನ್ನು ಗುರುವಿನಂತೆ ಗೌರವಿಸುತ್ತಿದ್ದರು. ಆದರೆ ಅವರ ಹಾಡುಗಳನ್ನು ಕೇಳಿ ಕಣ್ಣೀರು ಹಾಕಿದ ಸಾಮಾನ್ಯ ಜನರಿಗೆ ಅವರ ಪರಿಚಯವೇ ಇರಲಿಲ್ಲ. 2006ರಲ್ಲಿ ಕಣ್ಮುಚ್ಚಿದ ಈ ತಾಯಿಯ ಜೀವನವನ್ನು ಇಂದು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಸ್ತುತಿಗೀತೆಗಳ ಮನೆತನ

ಮೊದಲನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ ದಿನಗಳಲ್ಲಿ, ಒಂದು ಜುಲೈ 20ರಂದು, ಟೆಕ್ಸಸ್‌ನ ಮಾರ್ಟ್ ಎಂಬ ಊರಿನ ಸಮೀಪದ ಹೊಲಮನೆಯೊಂದರಲ್ಲಿ ಸಿಂಡಿ ಜನಿಸಿದರು. ತಂದೆ ಆಬ್ರಿ ವಾಕರ್ ಹತ್ತಿಯ ವ್ಯಾಪಾರಿ. ತಾಯಿ ಓರೀ ಪಿಯಾನೋ ನುಡಿಸುವುದರಲ್ಲಿ ನಿಪುಣೆ. ತಾಯಿಯ ತಂದೆ ಎಫ್. ಎಲ್. ಐಲೆಂಡ್ ಹೆಸರಾಂತ ಸ್ತುತಿಗೀತೆ ರಚನಕಾರರು. ‘ಹೋಲ್ಡ್ ಟು ಗಾಡ್ಸ್ ಅನ್‌ಚೇಂಜಿಂಗ್ ಹ್ಯಾಂಡ್’ ಎಂಬ ಗೀತೆಗೆ ರಾಗ ಕೊಟ್ಟವರು ಅವರೇ. ಅಮೆರಿಕದ ಅನೇಕ ಸಭೆಗಳಲ್ಲಿ ಅದನ್ನು ಇಂದಿಗೂ ಹಾಡುತ್ತಾರೆ. ಮೊಮ್ಮಗಳು ಹುಟ್ಟುವ ಮೊದಲೇ, 1909ರಲ್ಲಿ, ಅಜ್ಜ ತೀರಿಹೋಗಿದ್ದರು. ಅವರನ್ನು ಕಣ್ಣಾರೆ ಕಾಣದಿದ್ದರೂ ಅವರ ಸಂಗೀತ ತಾಯಿಯ ಮೂಲಕ ಮಗಳಿಗೆ ಬಂತು.

ಸಿಂಡಿ ಎಳವೆಯಲ್ಲೇ ಗಿಟಾರ್ ಕಲಿತು ಹಾಡು ಕಟ್ಟತೊಡಗಿದರು. 1930ರ ದಶಕದ ನಡುವಿನಲ್ಲಿ ಅಮೆರಿಕದ ಬಯಲು ಸೀಮೆಯ ಮೇಲೆ ಭೀಕರವಾದ ಧೂಳಿನ ಬಿರುಗಾಳಿ ಎದ್ದಿತು. ಬರಗಾಲದಲ್ಲಿ ಮಣ್ಣೇ ಹಾರಿಹೋಗಿ, ಸಾವಿರಾರು ರೈತ ಕುಟುಂಬಗಳು ಮನೆಮಠ ಬಿಟ್ಟು ಗುಳೆ ಹೊರಟವು. ಪತ್ರಿಕೆಗಳಲ್ಲಿ ಇದನ್ನು ಓದಿದ ಹದಿಹರೆಯದ ಸಿಂಡಿ ‘ಡಸ್ಟಿ ಸ್ಕೈಸ್’ ಎಂಬ ಹಾಡನ್ನು ಬರೆದರು. ಪರರ ಕಷ್ಟವನ್ನು ತನ್ನದಾಗಿಸಿಕೊಂಡು ಸರಳ ಮಾತಿನಲ್ಲಿ ಹೇಳುವ ಗುಣ ಅವರಲ್ಲಿ ಆಗಲೇ ಇತ್ತು. ಅದೇ ಕಾಲಕ್ಕೆ, 1936ರಲ್ಲಿ, ಫೋರ್ಟ್ ವರ್ತ್ ನಗರದ ‘ಕಾಸಾ ಮನ್ಯಾನಾ’ ರಂಗಮಂದಿರದ ನೃತ್ಯತಂಡಕ್ಕೆ ಸೇರಿದರು. ಆ ರಂಗಮಂದಿರದ ಬಗ್ಗೆ ಅವರು ಬರೆದ ಹಾಡನ್ನು ಪಾಲ್ ವೈಟ್‌ಮನ್ ಅವರ ಪ್ರಸಿದ್ಧ ವಾದ್ಯವೃಂದ ನುಡಿಸಿತು.

ನಿಲ್ಲಿಸಿದ ಕಾರು, ತೆರೆದ ಬಾಗಿಲು

1940ರಲ್ಲಿ ತಂದೆ ವ್ಯಾಪಾರದ ಕೆಲಸಕ್ಕಾಗಿ ಲಾಸ್ ಏಂಜಲಿಸ್‌ಗೆ ಹೊರಟಾಗ ತಾಯಿ, ಮಗಳು ಇಬ್ಬರೂ ಜೊತೆಗೆ ಹೋದರು. ಆಗ ಅಮೆರಿಕದ ಅತ್ಯಂತ ಜನಪ್ರಿಯ ಗಾಯಕ ಬಿಂಗ್ ಕ್ರಾಸ್ಬಿ. ಅವರಿಗೆಂದೇ ಸಿಂಡಿ ‘ಲೋನ್ ಸ್ಟಾರ್ ಟ್ರೇಲ್’ ಎಂಬ ಹಾಡನ್ನು ಬರೆದಿಟ್ಟುಕೊಂಡಿದ್ದರು. ಸನ್‌ಸೆಟ್ ಬೂಲೆವಾರ್ಡ್ ಎಂಬ ಹೆದ್ದಾರಿಯಲ್ಲಿ ಸಾಗುತ್ತಿದ್ದಾಗ ಕ್ರಾಸ್ಬಿಯವರ ಕಚೇರಿಯ ಕಟ್ಟಡ ಕಣ್ಣಿಗೆ ಬಿತ್ತು. ಕಾರು ನಿಲ್ಲಿಸಿ ಎಂದು ಮಗಳು ಹಟ ಹಿಡಿದರು. ಇದು ಹುಚ್ಚು ಸಾಹಸ ಎಂದು ತಂದೆಗೆ ಅನಿಸಿದರೂ ಕಾರು ನಿಲ್ಲಿಸಿದರು.

ಒಳಗೆ ಕ್ರಾಸ್ಬಿಯವರ ಸಹೋದರ ಲ್ಯಾರಿ ಇದ್ದರು. ಹಾಡು ಕೇಳಲು ಅವರು ಒಪ್ಪಿದ್ದೇ ತಡ, ಸಿಂಡಿ ಹೊರಗೆ ಓಡಿಬಂದು ತಾಯಿಯನ್ನು ಕರೆದೊಯ್ದರು. ತಾಯಿ ಪಿಯಾನೋ ನುಡಿಸಿದರು, ಮಗಳು ಹಾಡಿದರು. ಮರುದಿನ ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ ಬಿಂಗ್ ಕ್ರಾಸ್ಬಿಯವರ ಎದುರಿಗೇ ಹಾಡುವ ಅವಕಾಶ ಒದಗಿತು. ಕ್ರಾಸ್ಬಿ ಆ ಹಾಡನ್ನು ಧ್ವನಿಮುದ್ರಿಸಿದರು. ಡೆಕ್ಕಾ ರೆಕಾರ್ಡ್ಸ್ ಕಂಪೆನಿ ಸಿಂಡಿಯವರಿಗೂ ಗಾಯಕಿಯಾಗಿ ಒಪ್ಪಂದ ನೀಡಿತು. ಅವರು ಲಾಸ್ ಏಂಜಲಿಸ್‌ನಲ್ಲೇ ನೆಲೆಸಿದರು.

ಗಾಯಕಿಯಾಗಿಯೂ ಅವರು ಹಿಂದೆ ಬೀಳಲಿಲ್ಲ. 1944ರಲ್ಲಿ ಅವರು ಹಾಡಿದ ‘ವೆನ್ ಮೈ ಬ್ಲೂ ಮೂನ್ ಟರ್ನ್ಸ್ ಟು ಗೋಲ್ಡ್ ಅಗೇನ್’ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನ ತಲುಪಿತು. ವಿಚಿತ್ರವೆಂದರೆ, ಸಿಂಡಿಯವರ ಸ್ವಂತ ಧ್ವನಿಗೆ ಹೆಸರು ತಂದ ಆ ಹಾಡು ಬೇರೆಯವರು ಬರೆದದ್ದು! ಚೆಲುವು, ಧ್ವನಿ, ನೃತ್ಯದ ಅನುಭವ ಎಲ್ಲವೂ ಇದ್ದ ಅವರು ವೇದಿಕೆಯನ್ನೇ ಬದುಕಾಗಿಸಿಕೊಳ್ಳಬಹುದಿತ್ತು. ಅವರು ಆರಿಸಿಕೊಂಡದ್ದು ಬರೆಯುವ ಮೇಜನ್ನು.

ಒಬ್ಬೊಬ್ಬರ ಅಳತೆಗೆ ಒಂದೊಂದು ಹಾಡು

1941ರಲ್ಲಿ ಬಾಬ್ ವಿಲ್ಸ್ ಅವರ ವಾದ್ಯತಂಡದ ಬಸ್ಸನ್ನು ಸಿಂಡಿ ಹಾಲಿವುಡ್‌ನ ಬೀದಿಯಲ್ಲಿ ಕಂಡರು. ಪಿಟೀಲು, ಗಿಟಾರ್ ಹಾಗೂ ತುತ್ತೂರಿಗಳನ್ನು ಬೆರೆಸಿ ಕುಣಿತದ ಲಯದಲ್ಲಿ ನುಡಿಸುವ ಈ ತಂಡ ಟೆಕ್ಸಸ್ ಜನರ ಕಣ್ಮಣಿಯಾಗಿತ್ತು. ಸಿಂಡಿ ಹೋಟೆಲುಗಳಿಗೆ ಒಂದೊಂದಾಗಿ ಫೋನ್ ಮಾಡಿ ತಂಡ ಎಲ್ಲಿ ಇಳಿದುಕೊಂಡಿದೆ ಎಂದು ಪತ್ತೆಹಚ್ಚಿ ತಮ್ಮ ಹಾಡುಗಳನ್ನು ಕೇಳಿಸಿದರು. ಆ ವರ್ಷವೇ ಅವರ ಐದು ಹಾಡುಗಳನ್ನು ವಿಲ್ಸ್ ಧ್ವನಿಮುದ್ರಿಸಿದರು. ‘ಡಸ್ಟಿ ಸ್ಕೈಸ್’ ಅವುಗಳಲ್ಲಿ ಒಂದು. ಮರುವರ್ಷ ವಿಲ್ಸ್ ತಂಡ ನಟಿಸಿದ 8 ಚಲನಚಿತ್ರಗಳಿಗೆ ಅವರು 39 ಹಾಡುಗಳನ್ನು ಬರೆದುಕೊಟ್ಟರು. ಕಾಲಕ್ರಮದಲ್ಲಿ ವಿಲ್ಸ್ ಹಾಡಿದ ಸಿಂಡಿಯವರ ಹಾಡುಗಳ ಸಂಖ್ಯೆ 50ನ್ನು ಮೀರಿತು.

ಒಳ್ಳೆಯ ದರ್ಜಿಯು ತೊಡುವವರ ಅಳತೆ ನೋಡಿ ಬಟ್ಟೆ ಹೊಲಿಯುತ್ತಾನೆ. ಸಿಂಡಿಯವರ ಕೆಲಸವೂ ಹಾಗೆಯೇ. ಯಾರು ಹಾಡುತ್ತಾರೋ ಅವರ ಧ್ವನಿ, ಸ್ವಭಾವ, ಮಾತಿನ ರೀತಿಯನ್ನು ಗಮನಿಸಿ ಅವರಿಗೆ ಒಪ್ಪುವ ಹಾಡನ್ನು ಹೊಸೆಯುತ್ತಿದ್ದರು. ಎಡ್ಡಿ ಅರ್ನಾಲ್ಡ್ ಅವರಿಗೆ ಬರೆದದ್ದು ಅರ್ನಾಲ್ಡ್ ಅವರ ಮನದಾಳದಿಂದಲೇ ಬಂದಂತೆ ಕೇಳಿಸುತ್ತಿತ್ತು; ಹ್ಯಾಂಕ್ ಸ್ನೋ ಅವರಿಗೆ ಬರೆದದ್ದು ಸ್ನೋ ಅವರದೇ ಮಾತಿನಂತೆ ಇರುತ್ತಿತ್ತು. ಹಾಡಿನಲ್ಲಿ ಬರೆದವರ ಗುರುತು ಉಳಿಯದಷ್ಟು ಚೆನ್ನಾಗಿ ಬರೆಯುವುದು ಅವರ ಶಕ್ತಿಯಾಗಿತ್ತು. ಜನ ಅವರನ್ನು ಮರೆಯಲು ಅದೂ ಒಂದು ಕಾರಣವಾಯಿತು.

1955ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಎಡ್ಡಿ ಅರ್ನಾಲ್ಡ್ ಅವರಿಗೆ ಒಂದು ಹಾಡಿನ ಹೆಸರನ್ನೂ ಕಥೆಯ ಎಳೆಯನ್ನೂ ಹೇಳಿದರು. ಒಬ್ಬಾತ ಒಬ್ಬಾಕೆಯನ್ನು ಮನಸಾರೆ ಪ್ರೀತಿಸುತ್ತಾನೆ. ಆದರೆ ಅವಳ ಪಾಲಿಗೆ ಅವನು ಬರೀ ಒಬ್ಬ ಸ್ನೇಹಿತ. ಬಾಯಿ ತೆರೆದು ಹೇಳುವ ಧೈರ್ಯ ಅವನಿಗಿಲ್ಲ. ಸಿಂಡಿ ಅದನ್ನು ಪೂರ್ಣ ಹಾಡಾಗಿಸಿದರು. ಅದೇ ‘ಯೂ ಡೋಂಟ್ ನೋ ಮೀ’, ಅಂದರೆ ನಿನಗೆ ನನ್ನ ಪರಿಚಯವಿಲ್ಲ. 1956ರಲ್ಲಿ ಅರ್ನಾಲ್ಡ್ ಹಾಡಿದಾಗ ಅದು ಜನಪ್ರಿಯವಾಯಿತು. 1962ರಲ್ಲಿ ಕಪ್ಪು ಜನಾಂಗದ ಅಂಧ ಗಾಯಕ ರೇ ಚಾರ್ಲ್ಸ್ ಅದನ್ನು ತಮ್ಮ ಶೈಲಿಯಲ್ಲಿ ಹಾಡಿದಾಗ ಅಮೆರಿಕದ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಜನಾಂಗ ಭೇದ ತೀವ್ರವಾಗಿದ್ದ ಆ ಕಾಲದಲ್ಲಿ ಬಿಳಿಯರ ಸಂಗೀತವೆಂದು ಬೇಲಿ ಹಾಕಿದ್ದನ್ನು ಅವರು ದಾಟಿ ಬಂದಿದ್ದರು. ಆ ದಾಟಿಗೆ ಸೇತುವೆಯಾದ ಹಾಡುಗಳಲ್ಲಿ ಸಿಂಡಿಯವರದೂ ಒಂದು. ಎಲ್ವಿಸ್ ಪ್ರೀಸ್ಲಿ 1967ರಲ್ಲಿ ಅದನ್ನೇ ಹಾಡಿದರು. ತಮ್ಮ ಹೆಸರೇ ಗೊತ್ತಿಲ್ಲದ ಲಕ್ಷಾಂತರ ಜನರ ಮನ ಮುಟ್ಟಿದ ಸಿಂಡಿಯವರ ಬದುಕಿಗೂ ಆ ಹಾಡಿನ ಹೆಸರು ಎಷ್ಟು ಸರಿಯಾಗಿ ಹೊಂದುತ್ತದೆ!

ನಮ್ಮ ಜಿಮ್ ರೀವ್ಸ್ ವಿಚಾರಕ್ಕೆ ಬರೋಣ. 1964ರ ಜುಲೈ 31ರಂದು ಅವರು ವಿಮಾನ ದುರಂತದಲ್ಲಿ ಮಡಿದರು. ‘ಡಿಸ್ಟಂಟ್ ಡ್ರಮ್ಸ್’ ಅವರು ಬದುಕಿದ್ದಾಗ ಪ್ರಾಯೋಗಿಕವಾಗಿ ಮುದ್ರಿಸಿಟ್ಟ ಹಾಡು. ಅವರ ಮರಣಾನಂತರ ಅದಕ್ಕೆ ವಾದ್ಯಗಳನ್ನು ಜೋಡಿಸಿ 1966ರಲ್ಲಿ ಬಿಡುಗಡೆ ಮಾಡಿದರು. ಅದು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ 5 ವಾರ ಅಗ್ರಸ್ಥಾನದಲ್ಲಿ ನಿಂತಿತು. ಯುದ್ಧದ ನಗಾರಿ ದೂರದಲ್ಲಿ ಕೇಳಿಸುತ್ತಿದೆ, ಕರೆ ಬಂದರೆ ಹೋಗಲೇಬೇಕು, ಅದಕ್ಕೆ ಮೊದಲೇ ಮದುವೆಯಾಗೋಣ ಎಂದು ಪ್ರಿಯತಮೆಯನ್ನು ಬೇಡುವ ಯುವಕನ ಹಾಡು ಅದು. ವಿಯೆಟ್ನಾಂ ಯುದ್ಧಕ್ಕೆ ಮಕ್ಕಳನ್ನು ಕಳುಹಿಸುತ್ತಿದ್ದ ಅಮೆರಿಕದ ಮನೆಗಳಿಗೆ ಅದು ಬರೀ ಪ್ರೇಮಗೀತೆಯಾಗಿ ಕೇಳಿಸಿರಲಾರದು. ರೀವ್ಸ್ ಹಾಡಿದ ‘ಆನಾ ಮರೀ’, ‘ದಿಸ್ ಈಸ್ ಇಟ್’ ಹಾಡುಗಳೂ ಸಿಂಡಿಯವರವೇ.

ತಾಯಿ ಮಗಳ ಜೋಡಿ

1954ರಲ್ಲಿ ಸಿಂಡಿ ಲಾಸ್ ಏಂಜಲಿಸ್ ತೊರೆದು ತಾಯಿಯೊಂದಿಗೆ ಟೆಕ್ಸಸ್‌ನ ಮೆಹೇಯ ಎಂಬ ಸಣ್ಣ ಪಟ್ಟಣಕ್ಕೆ ಬಂದರು. ಅಲ್ಲಿನ ಒಂದು ಸಾಧಾರಣ ಮನೆಯೇ ಕೊನೆಯವರೆಗೆ ಅವರ ನೆಲೆಯಾಯಿತು. ಮುಂಜಾನೆಯೇ ಎದ್ದು, ಗುಲಾಬಿ ಬಣ್ಣದ ಅಲಂಕಾರವಿದ್ದ ಹಳೆಯ ಟೈಪ್‌ರೈಟರ್ ಮುಂದೆ ಕೂರುತ್ತಿದ್ದರು. ಮಗಳು ಹಾಡು ಕಟ್ಟಿದರೆ ತಾಯಿ ಪಿಯಾನೋದಲ್ಲಿ ನುಡಿಸಿ ರಾಗಕ್ಕೆ ರೂಪ ಕೊಡುತ್ತಿದ್ದರು. ವರ್ಷದಲ್ಲಿ ಕೆಲವು ತಿಂಗಳು ತಾಯಿ ಮಗಳು ನ್ಯಾಶ್‌ವಿಲ್‌ನಲ್ಲಿ ಬಾಡಿಗೆ ಮನೆ ಹಿಡಿದು, ಗಾಯಕರಿಗೂ ನಿರ್ಮಾಪಕರಿಗೂ ಹಾಡುಗಳನ್ನು ಕೇಳಿಸಿ, ಮತ್ತೆ ಊರಿಗೆ ಮರಳುತ್ತಿದ್ದರು. ಪುರುಷರದೇ ಕಾರುಬಾರಾಗಿದ್ದ ಆ ಉದ್ಯಮದಲ್ಲಿ ಇಬ್ಬರು ಹೆಂಗಸರು ಯಾರ ಹಂಗಿಗೂ ಬೀಳದೆ ಹೀಗೆ ದಶಕಗಳ ಕಾಲ ಬಾಳಿದರು ಎಂಬುದೇ ಒಂದು ಸಾಕ್ಷ್ಯ.

ರಾಯ್ ಆರ್ಬಿಸನ್ ಅವರ ‘ಡ್ರೀಮ್ ಬೇಬಿ’ ಸಹಿತ, ಸುಮಾರು 500 ಹಾಡುಗಳು ಸಿಂಡಿಯವರ ಲೇಖನಿಯಿಂದ ಹೊರಟು ಧ್ವನಿಮುದ್ರಣ ಕಂಡವು ಎಂಬ ಅಂದಾಜಿದೆ. 1964ರಲ್ಲಿ ಮಾನ್ಯುಮೆಂಟ್ ಕಂಪೆನಿಯ ಫ್ರೆಡ್ ಫಾಸ್ಟರ್ ಅವರು ಸಿಂಡಿಯವರದೇ ಧ್ವನಿಯಲ್ಲಿ ಒಂದು ಆಲ್ಬಮ್ ಹೊರತಂದರು.

ತಡವಾಗಿ ಬಂದ ಗೌರವ

1970ರಲ್ಲಿ ನ್ಯಾಶ್‌ವಿಲ್‌ನ ಗೀತರಚನಕಾರರ ಗೌರವ ಪಟ್ಟಿ ಆರಂಭವಾದಾಗ ಮೊದಲ ತಂಡದಲ್ಲೇ ಸಿಂಡಿಯವರ ಹೆಸರು ಸೇರಿತು. ಆದರೆ ಕಂಟ್ರಿ ಸಂಗೀತದ ಅತ್ಯುನ್ನತ ಗೌರವವಾದ ‘ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್’ ಅವರನ್ನು ಕರೆದದ್ದು 1997ರಲ್ಲಿ. ಆ ದಿನ ಅವರು ತೊಟ್ಟಿದ್ದ ಉಡುಪು ತಾಯಿ ಹಲವು ವರ್ಷಗಳ ಹಿಂದೆ ಕೊಂಡುಕೊಟ್ಟದ್ದು. ಮಗಳಿಗೆ ಈ ಗೌರವ ದೊರೆಯುವ ದಿನ ಬಂದೇ ಬರುತ್ತದೆ, ಅಂದು ಇದನ್ನು ತೊಡಬೇಕು ಎಂದು ತಾಯಿ ಹೇಳಿಟ್ಟಿದ್ದರು. ಆ ದಿನವನ್ನು ಕಾಣಲು ತಾಯಿ ಉಳಿದಿರಲಿಲ್ಲ, 1991ರಲ್ಲೇ ತೀರಿಹೋಗಿದ್ದರು. ಸಿಂಡಿ ಈ ಸಂಗತಿಯನ್ನು ಪುಟ್ಟ ಪದ್ಯವಾಗಿ ವೇದಿಕೆಯಲ್ಲಿ ಹೇಳಿದಾಗ ಸಭೆಯ ಕಣ್ಣು ತುಂಬಿತು.

2006ರ ಮಾರ್ಚ್ 14ರಂದು ವಿಲ್ಲಿ ನೆಲ್ಸನ್ ಸಿಂಡಿಯವರ 13 ಹಾಡುಗಳನ್ನು ಹಾಡಿದ ಆಲ್ಬಮ್ ಹೊರಬಂತು. ಅದರ ನಿರ್ಮಾಪಕರು ಅದೇ ಫ್ರೆಡ್ ಫಾಸ್ಟರ್. ಸಿಂಡಿಯವರ ಹೆಸರನ್ನು ಮುಖಪುಟದ ಮೇಲೆಯೇ ಮುದ್ರಿಸಿದ್ದರು. ಅದಾಗಿ 9 ದಿನಗಳಿಗೆ, ಮಾರ್ಚ್ 23ರಂದು, ಮೆಹೇಯದಲ್ಲಿ ಅವರು ಕೊನೆಯುಸಿರೆಳೆದರು. ಅದೇ ಊರಿನ ಸ್ಮಶಾನದಲ್ಲಿ ಗುಲಾಬಿ ಬಣ್ಣದ ಗ್ರಾನೈಟ್ ಶಿಲೆಯಲ್ಲಿ ಕಡೆದ ದೊಡ್ಡ ಗಿಟಾರ್ ಅವರ ಸಮಾಧಿಯ ಗುರುತಾಗಿ ನಿಂತಿದೆ.

ಹೆಸರಿನ ಋಣ

ಸಿಂಡಿಯವರನ್ನು ಯಾರೂ ಬೇಕೆಂದೇ ಮರೆಮಾಡಲಿಲ್ಲ. ರೇಡಿಯೋ ಗಾಯಕರ ಹೆಸರು ಹೇಳಿ ಹಾಡು ಹಾಕುತ್ತದೆ. ಗ್ರಾಮಫೋನ್ ತಟ್ಟೆಯ ಮೇಲೆ ರಚನಕಾರರ ಹೆಸರು ಪುಟ್ಟ ಅಕ್ಷರದಲ್ಲಿರುತ್ತದೆ. ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡ ನಮ್ಮ ಕ್ಯಾಸೆಟ್ಟುಗಳ ಮೇಲೆ ಅದೂ ಇರಲಿಲ್ಲ. ಹೀಗೆ ಯಾರ ತಪ್ಪೂ ಇಲ್ಲದೆ ಒಂದು ಹೆಸರು ಕಳೆದುಹೋಗುತ್ತದೆ. ಆದರೆ ರಚನಕಾರರಿಗೆ ಹೆಸರು ಬರೀ ಅಲಂಕಾರವಲ್ಲ. ಬೇರೆಯವರು ಹಾಡಿದಾಗ ಬರುವ ಗೌರವಧನವೇ ಅವರ ಅನ್ನ, ಆ ಹೆಸರೇ ಅದರ ಲೆಕ್ಕ.

ಇದು ದೂರದ ದೇಶದ ಕಥೆ ಮಾತ್ರವೇ? ಸಿಂಡಿಯವರ ಅಜ್ಜನ ಗೀತೆಯನ್ನು ಹಾಡುವ ಭಕ್ತರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ನಾವು ಭಾನುವಾರದ ಪೂಜೆಯಲ್ಲಿ ಹಾಡುವ ಕನ್ನಡ, ಕೊಂಕಣಿ ಗೀತೆಗಳನ್ನು ಬರೆದವರಲ್ಲಿ ಗುರುಗಳಿದ್ದಾರೆ, ಧರ್ಮಭಗಿನಿಯರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ. ಕೈಯಿಂದ ಕೈಗೆ ನಕಲಾಗುವ ಹಾಳೆಗಳಲ್ಲಿ ಮೊದಲು ಬಿಟ್ಟುಹೋಗುವುದು ಅವರ ಹೆಸರೇ. ಗಾಯನ ಮಂಡಳಿಯ ಮುಂದಾಳುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಹಬ್ಬಕ್ಕೆ ಗೀತೆಗಳ ಹಾಳೆ ಸಿದ್ಧಪಡಿಸುವಾಗ ಪ್ರತಿ ಗೀತೆಯ ಕೆಳಗೆ ಬರೆದವರ, ರಾಗ ಕೊಟ್ಟವರ ಹೆಸರು ಹಾಕಿರಿ. ಗೊತ್ತಿಲ್ಲದಿದ್ದರೆ ಧರ್ಮಕೇಂದ್ರದ ಹಿರಿಯರನ್ನು ಕೇಳಿರಿ. ಅವರು ನೆನಪಿಟ್ಟಿರುವಾಗಲೇ ಕೇಳಿರಿ.