ಬೈಸಿಕಲ್ಲಿನ ಮೇಲೊಂದು ಕ್ಯಾಮರಾ

ನ್ಯೂಯಾರ್ಕ್ ಬಂದರಿನ ಹೆಬ್ಬಾಗಿಲಿನಂತಿರುವ ಜಲಸಂಧಿಯ ಪಕ್ಕದಲ್ಲಿ ಸ್ಟ್ಯಾಟನ್ ಐಲೆಂಡ್ ಎಂಬ ದ್ವೀಪವಿದೆ. 1898ರಲ್ಲಿ ಅದು ಆ ಮಹಾನಗರಕ್ಕೆ ಸೇರಿತು. ಅದಕ್ಕೆ ಮೊದಲು ಹೊಲ, ತೋಟ, ಗುಡ್ಡ, ಕಡಲತೀರಗಳಿಂದ ಕೂಡಿದ ಹಳ್ಳಿನಾಡಾಗಿತ್ತು. ಆ ದ್ವೀಪದ ರಸ್ತೆಗಳಲ್ಲಿ ಕ್ಯಾಮರಾ, ಅದರ ಮುಕ್ಕಾಲಿ, ಗಾಜಿನ ಫಲಕಗಳು ಇವೆಲ್ಲವನ್ನೂ ಬೈಸಿಕಲ್ಲಿಗೆ ಬಿಗಿದುಕೊಂಡು ಸಾಗುತ್ತಿದ್ದ ಮಹಿಳೆಯೊಬ್ಬರಿದ್ದರು. ಅವರೇ ಆಲಿಸ್ ಆಸ್ಟೆನ್.

ಆಲಿಸ್ ಹುಟ್ಟಿದ್ದು 1866ರ ಮಾರ್ಚ್ 17ರಂದು. ಎಳೆಗೂಸಾಗಿದ್ದಾಗಲೇ ತಂದೆಯ ಆಸರೆ ತಪ್ಪಿತು. ತಾಯಿ ಮಗುವನ್ನು ಎತ್ತಿಕೊಂಡು ತವರಿಗೆ ಮರಳಿದರು. ಕಡಲ ದಂಡೆಯಲ್ಲಿದ್ದ ಅಜ್ಜನ ಆ ಮನೆಯಲ್ಲಿ ಬೇರೆ ಮಕ್ಕಳಿರಲಿಲ್ಲ. ಬಂದರಿಗೆ ಬಂದುಹೋಗುವ ಹಡಗುಗಳನ್ನು ನೋಡುತ್ತ ಹುಡುಗಿ ಬೆಳೆದಳು. ಅವಳಿಗೆ ಹತ್ತು ವರ್ಷವಾಗಿದ್ದಾಗ, ತಾಯಿಯ ಸೋದರಿಯ ಪತಿ, ಹಡಗಿನ ಕಪ್ತಾನ ಓಸ್ವಾಲ್ಡ್ ಮ್ಯೂಲರ್, ತಮ್ಮ ಪ್ರವಾಸದಿಂದ ಒಂದು ಕ್ಯಾಮರಾ ತಂದರು. ಹುಡುಗಿಯ ಕುತೂಹಲ ಕಂಡು ಅದನ್ನು ಬಳಸಲು ಅವಳಿಗೆ ಬಿಟ್ಟುಕೊಟ್ಟರು. ಸೋದರಮಾವ ಪೀಟರ್ ಆಸ್ಟೆನ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಚಿತ್ರವನ್ನು ಮೂಡಿಸುವ ದ್ರಾವಣಗಳ ಗುಟ್ಟನ್ನು ಅವರು ಕಲಿಸಿಕೊಟ್ಟರು. ಮಾಳಿಗೆಯಲ್ಲಿದ್ದ ಸಣ್ಣ ಉಗ್ರಾಣವೊಂದು ಕತ್ತಲೆಕೋಣೆಯಾಯಿತು. ಅಲ್ಲಿ ನೀರಿನ ಅನುಕೂಲವಿರಲಿಲ್ಲ. ಆದುದರಿಂದ ಗಾಜಿನ ಫಲಕಗಳನ್ನು ತೋಟದ ಪಂಪಿನ ಬಳಿಗೆ ಒಯ್ದು ತೊಳೆಯಬೇಕಾಗಿತ್ತು. ಚಳಿಗಾಲದ ಕೊರೆಯುವ ನೀರಿನಲ್ಲಿಯೂ ಈ ಕೆಲಸ ತಪ್ಪುತ್ತಿರಲಿಲ್ಲ.

ಅಂದಿನ ಛಾಯಾಗ್ರಹಣ ಇಂದಿನಂತೆ ಬೆರಳ ತುದಿಯ ಆಟವಾಗಿರಲಿಲ್ಲ. ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಫಲಕ ಬೇಕು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಬೇಕು. ಬೆಳಕನ್ನು ಅಳೆದು ನೋಡಬೇಕು. ಫಲಕ ಒಡೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆಲಿಸ್ ಈ ಕಷ್ಟಗಳಿಗೆ ಬೇಸರಿಸಲಿಲ್ಲ. ಚಿತ್ರ ತೆಗೆದ ದಿನ, ಗಳಿಗೆ, ಅಂದಿನ ಬೆಳಕು, ಬಳಸಿದ ಮಸೂರ ಮೊದಲಾದ ವಿವರಗಳನ್ನು ಫಲಕದ ಲಕೋಟೆಗಳ ಮೇಲೆ ಬರೆದಿಡುವುದು ಅವರ ಅಭ್ಯಾಸವಾಯಿತು. ತಪ್ಪಿದ್ದೆಲ್ಲಿ, ಸರಿಯಾದುದೆಲ್ಲಿ ಎಂಬುದನ್ನು ಹೀಗೆ ತಮ್ಮ ಕೆಲಸದಿಂದಲೇ ಕಲಿತರು.

ಆ ಹೊತ್ತಿಗೆ ಬೈಸಿಕಲ್ಲು ಹೊಸ ರೂಪ ತಾಳಿತ್ತು. ಏರುವುದೇ ಅಪಾಯವೆನಿಸಿದ್ದ ಎತ್ತರದ ಚಕ್ರ ಹೋಗಿ, ಒಂದೇ ಅಳತೆಯ ಎರಡು ಚಕ್ರಗಳೂ ಗಾಳಿ ತುಂಬಿದ ಟೈರುಗಳೂ ಬಂದವು. ಹೆಂಗಸರಿಗೆ ಇದು ವಾಹನ ಮಾತ್ರವಾಗಿರಲಿಲ್ಲ. ಯಾರ ಜೊತೆಗೂ ಕಾಯದೆ, ಗಾಡಿ ಕುದುರೆಗಳ ಹಂಗಿಲ್ಲದೆ, ತಾವಾಗಿ ಹೊರಟು ತಾವಾಗಿ ಮರಳುವ ಸ್ವಾತಂತ್ರ್ಯವನ್ನು ಅದು ತಂದಿತು. ಹೆಣ್ಣುಮಕ್ಕಳು ಚಕ್ರವೇರುವುದನ್ನು ಕಂಡು ಮೂಗು ಮುರಿದವರಿಗೂ ಕೊರತೆಯಿರಲಿಲ್ಲ. ಆಲಿಸ್ ಅದನ್ನು ಲೆಕ್ಕಕ್ಕಿಡಲಿಲ್ಲ. ಅವರ ಸಲಕರಣೆಗಳ ಭಾರ ಕೆಲವೊಮ್ಮೆ 50 ಪೌಂಡುಗಳವರೆಗೆ, ಎಂದರೆ ಸುಮಾರು 23 ಕಿಲೋಗ್ರಾಂ ಆಗುತ್ತಿತ್ತು. ಅಷ್ಟು ಹೊರೆಯೊಡನೆ ಅವರು ಊರೂರು ಸುತ್ತಿದರು. ಕಡಲತೀರ, ಹಳೆಯ ಮನೆಗಳು, ಆಟದ ಬಯಲು, ಗೆಳತಿಯರ ಕೂಟ ಎಲ್ಲವೂ ಅವರ ಫಲಕಗಳಲ್ಲಿ ನೆಲೆ ಪಡೆದವು. 1896ರಲ್ಲಿ ಅವರ ಗೆಳತಿ ಮರಿಯಾ ವಾರ್ಡ್ ಮಹಿಳೆಯರಿಗಾಗಿ ಬೈಸಿಕಲ್ ಸವಾರಿಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಹತ್ತುವ, ಇಳಿಯುವ, ಚಕ್ರವನ್ನು ರಿಪೇರಿ ಮಾಡುವ ಬಗೆಯನ್ನು ತೋರಿಸುವ ಅದರ ಚಿತ್ರಗಳಿಗೆ ಆಲಿಸ್ ತೆಗೆದ ಛಾಯಾಚಿತ್ರಗಳೇ ಆಧಾರ.

ದ್ವೀಪದಿಂದ ಉಗಿದೋಣಿಯಲ್ಲಿ ಕಡಲನ್ನು ದಾಟಿದರೆ ನ್ಯೂಯಾರ್ಕಿನ ಗಿಜಿಗುಟ್ಟುವ ಬೀದಿಗಳು. ಸಿರಿವಂತರ ಮನೆಯ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಾಲಿಡದ ಬೀದಿಗಳಿಗೂ ಆಲಿಸ್ ಹೋದರು. ಕಸ ಗುಡಿಸುವವರು, ಬೂಟು ಪಾಲಿಶ್ ಮಾಡುವ ಹುಡುಗರು, ಪತ್ರಿಕೆ ಮಾರುವ ಮಕ್ಕಳು, ಚಿಂದಿ ಆಯುವವರು, ಅಂಚೆಯವರು, ಬೈಸಿಕಲ್ಲಿನಲ್ಲಿ ಸಂದೇಶ ಒಯ್ಯುವ ಹುಡುಗರು ಇವರೆಲ್ಲರನ್ನೂ ನಿಲ್ಲಿಸಿ ಮಾತನಾಡಿಸಿ ಚಿತ್ರ ತೆಗೆದರು. ಅವುಗಳಲ್ಲಿ 12 ಚಿತ್ರಗಳ ಸಂಪುಟವೊಂದು 1896ರಲ್ಲಿ ಹೊರಬಂದಿತು. ವಲಸೆ ಬಂದವರನ್ನು ರೋಗಶಂಕೆಯಿಂದ ತಡೆದು ಪರೀಕ್ಷಿಸುತ್ತಿದ್ದ ಬಂದರಿನ ಠಾಣ್ಯಗಳಿಗೂ ಅವರು ವರ್ಷವರ್ಷವೂ ಹೋಗಿ ಅಲ್ಲಿನ ನೋಟಗಳನ್ನು ದಾಖಲಿಸಿದರು.

ಇಷ್ಟಾದರೂ ಚಿತ್ರಗಳನ್ನು ಮಾರಿ ಬದುಕಬೇಕಾದ ಅಗತ್ಯ ಅವರಿಗಿರಲಿಲ್ಲ. ಅಜ್ಜನ ಆಸ್ತಿಯೇ ಸಾಕಾಗಿತ್ತು. 1917ರಲ್ಲಿ ಅವರ ಬಾಳಸಂಗಾತಿ ಗರ್ಟ್ರೂಡ್ ಟೇಟ್ ಅದೇ ಮನೆಗೆ ಬಂದು ನೆಲೆಸಿದರು. ಆದರೆ 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಆಲಿಸರ ಸಂಪತ್ತು ಕರಗಿಹೋಯಿತು. ಆಗ ಅವರಿಗೆ 63 ವರ್ಷ. ಮನೆಯನ್ನು ಒತ್ತೆಯಿಟ್ಟರು, ಒಡವೆ ವಸ್ತುಗಳನ್ನು ಮಾರಿದರು, ಅಂಗಳದಲ್ಲಿ ಚಹಾ ಅಂಗಡಿ ನಡೆಸಿ ನೋಡಿದರು. ಯಾವುದೂ ಕೈಹಿಡಿಯಲಿಲ್ಲ. 1945ರಲ್ಲಿ ಆ ಮನೆಯನ್ನು ಬಿಟ್ಟು ಹೊರಡಬೇಕಾಯಿತು. ಪೀಠೋಪಕರಣಗಳು ಬಿಡಿಗಾಸಿಗೆ ಹೋದವು. ಅಂಥ ಗಳಿಗೆಯಲ್ಲಿಯೂ ಆಲಿಸ್ ತಮ್ಮ ಗಾಜಿನ ಫಲಕಗಳನ್ನು ಮರೆಯಲಿಲ್ಲ. ಅವರು ಹೇಳಿಕಳುಹಿಸಿದಂತೆ ದ್ವೀಪದ ಇತಿಹಾಸ ಸಂಘದವರು ಬಂದು ಸಾವಿರಾರು ಫಲಕಗಳನ್ನು ಕೊಂಡೊಯ್ದು ಕಾಪಾಡಿದರು.

ಫಲಕಗಳಿಗೆ ನೆಲೆ ದೊರೆಯಿತು, ಅವುಗಳ ಒಡತಿಗೆ ದೊರೆಯಲಿಲ್ಲ. ಸಂಧಿವಾತದಿಂದ ಕೈಕಾಲುಗಳು ಸೋತಿದ್ದವು. 1950ರಲ್ಲಿ, 84ನೆಯ ವಯಸ್ಸಿನಲ್ಲಿ, ಆಕೆ ನಿರ್ಗತಿಕರ ಆಶ್ರಯಧಾಮವನ್ನು ಸೇರಿದರು. ಗರ್ಟ್ರೂಡ್ ಅಲ್ಲಿಗೆ ತಪ್ಪದೆ ಬಂದು ನೋಡಿಹೋಗುತ್ತಿದ್ದರು. ಅದೇ ಸಮಯಕ್ಕೆ ಆಲಿವರ್ ಜೆನ್ಸನ್ ಎಂಬ ಲೇಖಕರು ಅಮೆರಿಕದ ಮಹಿಳೆಯರ ಜೀವನವನ್ನು ಕುರಿತ ಪುಸ್ತಕಕ್ಕಾಗಿ ಹಳೆಯ ಚಿತ್ರಗಳನ್ನು ಹುಡುಕುತ್ತಿದ್ದರು. ಇತಿಹಾಸ ಸಂಘದಲ್ಲಿದ್ದ ಫಲಕಗಳು ಬೆಳಕಿಗೆ ಬಂದವು. ಅವನ್ನು ತೆಗೆದವರು ಇನ್ನೂ ಬದುಕಿದ್ದಾರೆ, ಅದೂ ನಿರ್ಗತಿಕರ ನಡುವೆ, ಎಂಬುದೂ ತಿಳಿಯಿತು. 1951ರಲ್ಲಿ ‘ಲೈಫ್’ ಪತ್ರಿಕೆ ಅವರ ಚಿತ್ರಗಳನ್ನು ಪ್ರಕಟಿಸಿತು. ಚಿತ್ರಗಳಿಂದ ಬಂದ ಹಣದ ನೆರವಿನಿಂದ ಆಲಿಸ್ ಆಶ್ರಯಧಾಮವನ್ನು ಬಿಟ್ಟು ಒಳ್ಳೆಯ ಶುಶ್ರೂಷಾಲಯಕ್ಕೆ ಬಂದರು. ಆ ವರ್ಷ ಅಕ್ಟೋಬರಿನಲ್ಲಿ ಇತಿಹಾಸ ಸಂಘವು ಅವರ ಹೆಸರಿನಲ್ಲಿ ಒಂದು ದಿನವನ್ನೇ ಆಚರಿಸಿತು. ಗಾಲಿಕುರ್ಚಿಯಲ್ಲಿ ಕುಳಿತು ಅವರು ತಮ್ಮ ಚಿತ್ರಗಳ ಪ್ರದರ್ಶನವನ್ನು ಕಂಡರು. 1952ರ ಜೂನ್ 9ರಂದು ತೀರಿಕೊಂಡರು.

ಹಣಕ್ಕಾಗಲಿ ಕೀರ್ತಿಗಾಗಲಿ ಆಲಿಸ್ ಬೈಸಿಕಲ್ಲು ಏರಿದವರಲ್ಲ. ಕಣ್ಣಿಗೆ ಕಂಡುದನ್ನು ಇದ್ದಂತೆಯೇ ಉಳಿಸಬೇಕೆಂಬುದೊಂದೇ ಅವರ ಹಂಬಲ. ಎಳೆತನದಲ್ಲಿ ಬೇಸರ ಕಳೆದ ಆ ಹವ್ಯಾಸವೇ ಮುಪ್ಪಿನಲ್ಲಿ ಊರುಗೋಲಾಯಿತು. ಅವರು ಚಿತ್ರಿಸಿದ ಹೊಲಗಳ ಮೇಲೆ ಈಗ ಊರುಗಳು ಬೆಳೆದಿವೆ. ಅವರ ಮನೆಯನ್ನು 1975ರಲ್ಲಿ ನಗರಾಡಳಿತ ಕೊಂಡಿತು. 1985ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಬೂಟು ಪಾಲಿಶ್ ಮಾಡುವ ಹುಡುಗ, ಕಸ ಗುಡಿಸುವಾತ, ಸಂದೇಶ ಒಯ್ಯುವ ಬಾಲಕ ಇವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರ ಮುಖಗಳು ಮಾತ್ರ ಆಲಿಸರ ಫಲಕಗಳಲ್ಲಿ ಉಳಿದಿವೆ.