ಸಂಕಟಕಾಲದಲ್ಲಿ ಸಂಗೀತ: ಶ್ರೀ ತ್ಯಾಗರಾಜರ ಜೀವಿತ

ಕಷ್ಟಕಾಲದಲ್ಲಿ ಸಂಗೀತದಿಂದ ಏನು ಪ್ರಯೋಜನವೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಉಂಟು. ಹಸಿದವನಿಗೆ ರಾಗಾಲಾಪನೆಯು ಅನ್ನವನ್ನಿಕ್ಕುವುದೆ, ಕೈಬಿಟ್ಟ ರಾಜ್ಯವನ್ನು ಮರಳಿ ತರುವುದೆ ಎಂಬ ಪ್ರಶ್ನೆಯು ಅನ್ಯಾಯವಾದುದಲ್ಲ. ಇದಕ್ಕೆ ವಾದದಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಮಹನೀಯರ ಜೀವಿತವನ್ನು ನೋಡುವುದು ಲೇಸು.

ಶ್ರೀ ತ್ಯಾಗರಾಜರು 1767ರಲ್ಲಿ ತಿರುವಾರೂರಿನಲ್ಲಿ ತೆಲುಗು ವೈದಿಕ ಮನೆತನವೊಂದರಲ್ಲಿ ಜನಿಸಿದರು. ತಂದೆ ರಾಮಬ್ರಹ್ಮ, ತಾಯಿ ಸೀತಮ್ಮ. ಅವರು ಬೆಳೆದು ಬಾಳಿದುದು ಕಾವೇರೀತೀರದ ತಿರುವಯ್ಯಾರಿನಲ್ಲಿ; ವಿದ್ಯೆ ಕಲಿತುದು ಆಸ್ಥಾನ ವಿದ್ವಾಂಸರಾದ ಸೊಂಠಿ ವೆಂಕಟರಮಣಯ್ಯನವರಲ್ಲಿ. ಆ ಕಾಲದ ತಂಜಾವೂರು ಸೀಮೆಯೆಂದರೆ ಕಲೆಗಳ ತವರು, ಶಾಂತಿಯ ನೆಲೆಯೆಂದು ನಾವು ಭಾವಿಸುವುದು ವಾಡಿಕೆ. ಚರಿತ್ರೆಯು ಹೇಳುವುದು ಬೇರೆ. 1773ರಲ್ಲಿ ಆರ್ಕಾಟಿನ ನವಾಬನು ಕಂಪೆನಿಯ ಸೈನ್ಯದ ಬಲದಿಂದ ತಂಜಾವೂರನ್ನು ಹಿಡಿದನು. 1776ರಲ್ಲಿ ರಾಜ್ಯವು ಅರಸನಿಗೆ ಮರಳಿತು. 1781ರಲ್ಲಿ ಹೈದರಾಲಿಯ ದಂಡು ಆ ಸೀಮೆಯ ಮೇಲೆ ಬಿದ್ದಿತು. ಹೊಲಗದ್ದೆಗಳು ಹಾಳುಬಿದ್ದವು, ಜನರು ಊರು ಬಿಟ್ಟೋಡಿದರು. ಆ ದಂಡು ಹೊರಟುದು ನಮ್ಮ ಮೈಸೂರಿನಿಂದಲೇ ಎಂಬುದನ್ನು ಕನ್ನಡಿಗರಾದ ನಾವು ಮರೆಮಾಚಬೇಕಾಗಿಲ್ಲ. 1799ರ ಒಪ್ಪಂದದಿಂದ ಸರಭೋಜಿ ಮಹಾರಾಜನು ರಾಜ್ಯದ ಆಡಳಿತವನ್ನು ಕಂಪೆನಿಗೆ ಒಪ್ಪಿಸಿದನು. ಮೂವತ್ತಮೂರು ತುಂಬುವುದರೊಳಗಾಗಿ ತ್ಯಾಗರಾಜರು ಕಂಡ ಲೋಕವು ಇಂತಹುದು.

ಮನೆಯೊಳಗೂ ನೆಮ್ಮದಿಯು ಹೆಚ್ಚಾಗಿರಲಿಲ್ಲ. ಬೀದಿಯಲ್ಲಿ ಹಾಡುತ್ತ ಹೋಗಿ, ಗೃಹಸ್ಥರು ಇಕ್ಕಿದ ಅಕ್ಕಿಯಿಂದ ದಿನ ಕಳೆಯುವ ಉಂಛವೃತ್ತಿಯನ್ನು ಅವರು ಕೈಗೊಂಡರು. ಮೊದಲ ಪತ್ನಿಯು ಅಲ್ಪಕಾಲದಲ್ಲಿಯೇ ತೀರಿಕೊಂಡರು. ಅಣ್ಣನಿಗೆ ಈ ಬಡತನವು ಸಹಿಸದೆ, ಪೂಜಾವಿಗ್ರಹಗಳನ್ನು ಕಾವೇರಿಗೆಸೆದನೆಂದು ಶಿಷ್ಯಪರಂಪರೆಯವರು ಹೇಳುತ್ತ ಬಂದಿದ್ದಾರೆ.

ಹೀಗಿರಲು ಸಂಗೀತವು ಅವರಿಗೆ ಮಾಡಿದ ಉಪಕಾರವೇನು? ಅದು ಬಡತನವನ್ನು ನೀಗಲಿಲ್ಲ. ದುಃಖವನ್ನು ಮರೆಯಿಸಲೂ ಇಲ್ಲ. ಅವರ ಕೃತಿಗಳನ್ನು ಅರ್ಥವರಿತು ಕೇಳಿದವರಿಗೆ ಇದು ವೇದ್ಯವಾಗುವುದು. ಅಲ್ಲಿ ಸ್ತೋತ್ರವಿರುವಷ್ಟೇ ದೂರು ಇದೆ. ಅವರು ಶ್ರೀರಾಮನೊಡನೆ ಜಗಳವಾಡುತ್ತಾರೆ, ಮುನಿಯುತ್ತಾರೆ, ತಡಮಾಡಿದುದಕ್ಕೆ ಲೆಕ್ಕ ಕೇಳುತ್ತಾರೆ, ಮರುಗಳಿಗೆಯಲ್ಲಿ ಮಗುವಿನಂತೆ ಕರೆಯುತ್ತಾರೆ. ಮನುಷ್ಯರೊಡನೆ ಆಡಿದರೆ ಕೊರಗಾಗಿ ಮುಗಿಯಬಹುದಾಗಿದ್ದ ಮಾತು ರಾಗತಾಳಗಳ ಅಂಕೆಗೆ ಬಂದು ಹದಗೊಂಡಿತು. ದುಃಖಕ್ಕೆ ಹೇಳಿಕೊಳ್ಳಲು ಒಂದು ಸ್ಥಳ ದೊರೆತರೆ ಅರ್ಧ ಭಾರವು ಇಳಿದಂತೆಯೇ. ಸಂಗೀತದ ಸಾಂತ್ವನವೆಂದರೆ ಇದೇ ಎಂದು ನಮ್ಮ ಅಭಿಪ್ರಾಯ.

ಈ ಸಾಂತ್ವನವು ಅವರನ್ನು ನಿಷ್ಕ್ರಿಯರನ್ನಾಗಿ ಮಾಡಲಿಲ್ಲವೆಂಬುದು ಗಮನಾರ್ಹ. ಅರಮನೆಯ ಆಹ್ವಾನವನ್ನು ಅವರು ನಿರಾಕರಿಸಿದರೆಂಬ ಪ್ರತೀತಿಯಿದೆ. ಆಸ್ಥಾನದ ಸಂಬಳವನ್ನು ನೆಚ್ಚದೆ ಆ ಬಡಮನೆಯಲ್ಲಿಯೇ ಶಿಷ್ಯರನ್ನು ತಯಾರಿಸಿದರು. ಸಂಗತಿಗಳ ಕ್ರಮವನ್ನು ಬೆಳೆಸಿದರು. ವಿರಳವಾದ ರಾಗಗಳಿಗೆ ಜೀವಕೊಟ್ಟರು. ಸುಮಾರು 700 ಕೃತಿಗಳು ಇಂದಿಗೂ ಉಳಿದಿವೆ. ಅವರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತ ಸದಾಶಿವರಾಯರು ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ನೆಲೆಸಿದರು. ಮೈಸೂರಿನ ದಂಡು ಒಂದು ಕಾಲದಲ್ಲಿ ಸೂರೆಗೈದ ಸೀಮೆಯಿಂದ ಮೈಸೂರಿಗೆ ಹೀಗೆ ಪ್ರತಿಯಾಗಿ ಬಂದುದು ಸಂಗೀತ!

1847ರ ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರು ತಿರುವಯ್ಯಾರಿನಲ್ಲಿ ದೇಹವನ್ನು ಬಿಟ್ಟರು. ಕಾಲಕ್ರಮದಲ್ಲಿ ಸಮಾಧಿಯು ಪಾಳುಬಿದ್ದಿತು. ಈ ವರ್ತಮಾನವನ್ನು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಪತ್ರದಿಂದ ತಿಳಿದು ಮನನೊಂದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಸ್ವಂತ ಸಂಪಾದನೆಯನ್ನು ಸುರಿದು ಗುಡಿಯನ್ನು ಕಟ್ಟಿಸಿದರು, ಪ್ರತಿಷ್ಠೆಯೂ ಆಯಿತು. ಆಗಿನ ಆರಾಧನೆಯಲ್ಲಿ ಸ್ತ್ರೀಯರು ಹಾಡುವಂತಿರಲಿಲ್ಲ. ಆ ತಾಯಿ ಅಳುಕದೆ ಸ್ತ್ರೀಯರದೇ ಗೋಷ್ಠಿಯನ್ನು ಕೂಡಿಸಿದರು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯು ಗುರುಸನ್ನಿಧಿಯ ಎದುರಿನಲ್ಲಿಯೇ ಇದೆ. ದೇವದಾಸಿ ಕುಲದಲ್ಲಿ ಹುಟ್ಟಿ ಲೋಕದ ನಿಂದೆಯನ್ನುಂಡ ಆಕೆಗೂ ಆಸರೆಯಾದುದು ಅದೇ ಸಂಗೀತ.

ತಂಜಾವೂರಿನ ಅರಸರು ಹೋದರು, ನವಾಬನು ಹೋದನು, ಕಂಪೆನಿಯೂ ಹೋಯಿತು. ಬೀದಿಯಲ್ಲಿ ಅಕ್ಕಿ ಬೇಡಿದವರ ಹಾಡು ಉಳಿದಿದೆ. ಸಂಸಾರತಾಪದಿಂದ ಬಳಲಿದ ಗೃಹಸ್ಥನು ಕಚೇರಿಯ ಕಾಗದಗಳನ್ನು ಬದಿಗಿಟ್ಟು ಸಂಜೆಗೊಮ್ಮೆ ಅದನ್ನು ಕೇಳಲಿ. ದನಿಯಿದ್ದಂತೆ ಹಾಡಿಯೂ ನೋಡಲಿ. ಸಾಲವು ತೀರದು, ಕಾಯಿಲೆಯು ಹೋಗದು. ಆದರೆ ಮರುದಿನ ಬೆಳಗ್ಗೆ ಅವುಗಳನ್ನು ಎದುರಿಸಲು ಎದ್ದು ನಿಲ್ಲುವ ಬಲವು ಬರುವುದು.