ಅಸಿಸಿಯ ಕಿರಿಯ ಸೋದರ

ಕ್ರೈಸ್ತರ ಧರ್ಮಗ್ರಂಥದಲ್ಲಿ ನೀತಿಯೂ ದೀನತೆಯೂ ಬಹುಮಟ್ಟಿಗೆ ಜೊತೆಜೊತೆಯಾಗಿಯೇ ಬರುತ್ತವೆ. ಪ್ರವಾದಿಯಾದ ಮೀಕನು ನ್ಯಾಯವನ್ನು ನಡೆಸುವುದನ್ನೂ ದೇವರ ಮುಂದೆ ತಗ್ಗಿ ನಡೆಯುವುದನ್ನೂ ಒಟ್ಟಿಗೇ ಹೇಳಿದ್ದಾನೆ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಹೋದ ಇಬ್ಬರ ಸಾಮತಿಯೊಂದಿದೆ. ಉಪವಾಸ, ದಾನಗಳನ್ನು ತಪ್ಪದೆ ನಡೆಸುತ್ತಿದ್ದ ಫರಿಸಾಯನು ತನ್ನ ಪುಣ್ಯದ ಲೆಕ್ಕವನ್ನು ದೇವರಿಗೇ ಒಪ್ಪಿಸಿದನು. ಸುಂಕದವನು ತಲೆಯೆತ್ತಲೂ ಅಂಜಿ ದೂರ ನಿಂತನು. ನೀತಿವಂತನೆನಿಸಿ ಮನೆಗೆ ಹೋದವನು ಈ ಸುಂಕದವನೇ. ಒಳ್ಳೆಯವನಾಗುವುದು ಕಷ್ಟ, ಒಳ್ಳೆಯವನಾದೆನೆಂಬ ಹೆಮ್ಮೆಯನ್ನು ಬಿಡುವುದು ಇನ್ನೂ ಕಷ್ಟ. ಈ ಎರಡನೆಯ ಕಷ್ಟದೊಡನೆ ಜೀವಮಾನವೆಲ್ಲ ಹೆಣಗಿದ ಅಸಿಸಿಯ ಸಂತ ಫ್ರಾನ್ಸಿಸನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಮ್ಮ ಇತಿಹಾಸದ ಪಾಠಗಳಲ್ಲಿ ಮಧ್ಯಯುಗದ ರಾಜರಿಗೆ ಪುಟಗಟ್ಟಲೆ ಸ್ಥಳ ದೊರೆಯುತ್ತದೆ, ಇವನಿಗೆ ಒಂದೆರಡು ಸಾಲು.

ಅಸಿಸಿಯು ಇಟಲಿಯ ಉಂಬ್ರಿಯಾ ಪ್ರಾಂತದಲ್ಲಿ ಬೆಟ್ಟದ ಮೈಮೇಲಿರುವ ಪಟ್ಟಣ. ಅಲ್ಲಿಯ ಜವಳಿ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆಯ ಮಗನಾಗಿ ಫ್ರಾನ್ಸಿಸನು 1181 ಅಥವಾ 1182ರಲ್ಲಿ ಹುಟ್ಟಿದನು. ಹಣಕ್ಕೆ ಕೊರತೆಯಿರಲಿಲ್ಲ, ಗೆಳೆಯರಿಗೂ ಕೊರತೆಯಿರಲಿಲ್ಲ. ಊರಿನ ಜನ ಆಗ ಎರಡು ಪಕ್ಷವಾಗಿದ್ದರು: ಹಿರಿಯರೆನಿಸಿಕೊಂಡ ಪ್ರಭುಗಳು, ಕಿರಿಯರೆನಿಸಿಕೊಂಡ ಸಾಮಾನ್ಯರು. ವ್ಯಾಪಾರಿಯ ಮಗನಿಗೆ ವೀರಯೋಧನಾಗಿ ಹಿರಿಯರ ಸಾಲಿಗೆ ಏರಬೇಕೆಂಬ ಹಂಬಲ. 1202ರಲ್ಲಿ ನೆರೆಯ ಪೆರೂಜಿಯದ ಮೇಲಿನ ಕಾಳಗಕ್ಕೆ ಹೋದನು. ಸೋತು, ಸುಮಾರು ಒಂದು ವರ್ಷ ಸೆರೆಯಲ್ಲಿದ್ದನು. ಬಿಡುಗಡೆಯಾದ ಮೇಲೆ ಕಾಯಿಲೆ ಬಿದ್ದನು. 1205ರಲ್ಲಿ ಮತ್ತೆ ಯುದ್ಧಕ್ಕೆಂದು ಹೊರಟವನು ಸ್ಪೊಲೆತೊದಿಂದಲೇ ಹಿಂದಿರುಗಿದನು.

ಸಾಯುವ ಮುನ್ನ ಬರೆಯಿಸಿದ ಮರಣಶಾಸನದಲ್ಲಿ ಫ್ರಾನ್ಸಿಸನು ತನ್ನ ಹೊಸ ಬಾಳಿನ ಆರಂಭವನ್ನು ಯಾವ ದಿವ್ಯದರ್ಶನದಿಂದಲೂ ಎಣಿಸುವುದಿಲ್ಲ, ಕುಷ್ಠರೋಗಿಗಳಿಂದ ಎಣಿಸುತ್ತಾನೆ. ಅವರನ್ನು ಕಂಡರೆ ಹೇಸುತ್ತಿದ್ದವನು ಅವರ ನಡುವೆಯೇ ಹೋಗಿ ಸೇವೆಮಾಡಿದನು. ಅವನ ಜೀವನದ ಬೀಗದ ಕೈ ಇಲ್ಲಿದೆ ಎಂದು ನನ್ನ ನಂಬಿಕೆ. ಅವನಿಗೆ ದೀನತೆಯೆಂದರೆ ಬರಿಯ ಮನಸ್ಸಿನ ಭಾವವಲ್ಲ. ಕೆಳಗಿಳಿದು ಹೋಗಿ ನಿಲ್ಲುವ ಒಂದು ಜಾಗ.

ಪಾಳುಬಿದ್ದ ಸಾನ್ ದಮಿಯಾನೊ ಗುಡಿಯನ್ನು ದುರಸ್ತಿಮಾಡಲು ಅವನು ತಂದೆಯ ಅಂಗಡಿಯ ಬಟ್ಟೆಯನ್ನು ಫೊಲಿನ್ಯೊದಲ್ಲಿ ಮಾರಿದನು. ತಂದೆ ಕೆಂಡವಾದನು. ತಂದೆಯ ಪಕ್ಷದಲ್ಲಿಯೂ ನ್ಯಾಯವಿತ್ತು; ಪರರ ಸೊತ್ತಿನಿಂದ ಪುಣ್ಯ ಗಳಿಸುವುದು ಯಾವ ನೀತಿ? ಬಿಷಪ್ ಗುಯಿದೊ ಕೂಡ ಹಣವನ್ನು ಹಿಂದಕ್ಕೆ ಕೊಡಬೇಕೆಂದೇ ಹೇಳಿದನು. 1206ರಲ್ಲಿ ಬಿಷಪ್ಪನ ಎದುರಿನಲ್ಲಿ ಫ್ರಾನ್ಸಿಸನು ಹಣದೊಡನೆ ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಗೊಪ್ಪಿಸಿ ಬರಿಮೈಯಲ್ಲಿ ನಿಂತನು.

ಮೂರು ವರ್ಷಗಳಲ್ಲಿ ಕೆಲವರು ಸಂಗಡಿಗರು ಸೇರಿದರು. 1209ರಲ್ಲಿ ರೋಮಿಗೆ ಹೋದಾಗ ಪೋಪ್ ಮೂರನೆಯ ಇನೊಸೆಂಟನು ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆಯನ್ನಿತ್ತನು. ಸಂಘಕ್ಕೆ ಫ್ರಾನ್ಸಿಸನು ಇಟ್ಟ ಹೆಸರು ಕಿರಿಯ ಸೋದರರು. ಹಿರಿಯರ ಸಾಲಿಗೆ ಏರಬೇಕೆಂದಿದ್ದವನು ಆರಿಸಿಕೊಂಡ ಹೆಸರಿದು. ಸೋದರರು ಕೈಯಾರೆ ದುಡಿಯಬೇಕು. ಕೂಲಿಯಾಗಿ ಅಗತ್ಯವಾದುದನ್ನು ತೆಗೆದುಕೊಳ್ಳಬಹುದು, ಹಣವನ್ನು ಮಾತ್ರ ಮುಟ್ಟಬಾರದು. ಕೂಲಿ ಸಿಗದಿದ್ದರೆ ಭಿಕ್ಷೆ. 1219ರಲ್ಲಿ ಐದನೆಯ ಧರ್ಮಯುದ್ಧದ ನಡುವೆ ಅವನು ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲನ ಪಾಳೆಯಕ್ಕೆ ನಿರಾಯುಧನಾಗಿ ಹೋದನು. ಯಾರೂ ಯಾರ ಮತಕ್ಕೂ ಸೇರಲಿಲ್ಲ. ಸುಲ್ತಾನನು ಮರ್ಯಾದೆಯಿಂದ ಕಳುಹಿಸಿಕೊಟ್ಟನು. ಮುಸಲ್ಮಾನರ ನಡುವೆ ಹೋಗುವ ಸೋದರರಿಗೆ, ವಾದಕ್ಕಿಳಿಯದೆ ಎಲ್ಲರಿಗೂ ವಿಧೇಯರಾಗಿರುವುದೇ ಒಂದು ಮಾರ್ಗವೆಂದು 1221ರ ನಿಯಮಾವಳಿಯಲ್ಲಿ ಸೇರಿಸಿದನು.

ನಿಜವಾದ ಪರೀಕ್ಷೆ ಬಂದದ್ದು ಸ್ವಂತ ಮನೆಯಲ್ಲಿಯೇ. ಅವನು ಹಿಂದಿರುಗುವ ವೇಳೆಗೆ ಸಂಘ ಬಹಳ ಬೆಳೆದಿತ್ತು. ವಿದ್ವಾಂಸರು ಬಂದಿದ್ದರು, ಮನೆಗಳು ಎದ್ದಿದ್ದವು. ಬೊಲೋನ್ಯದಲ್ಲಿ ಸೋದರರದೆಂದು ಹೇಳಲಾಗುತ್ತಿದ್ದ ಮನೆಯೊಂದರಿಂದ ರೋಗಿಗಳನ್ನೂ ಬಿಡದೆ ಎಲ್ಲರನ್ನೂ ಅವನು ಹೊರಡಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಇದು ದೀನತೆಯೆ, ಹಠವೆ? ಹಠವೆಂದೇ ನನಗೆ ತೋರುತ್ತದೆ. ಬಡತನವೇ ಸರಿಯೆಂದು ಬಲ್ಲವನು ಇತರರನ್ನು ಬಲಾತ್ಕಾರದಿಂದ ಬಡವರನ್ನಾಗಿ ಮಾಡಹೊರಟರೆ, ಆ ಬಡತನವೇ ಫರಿಸಾಯನ ಪುಣ್ಯದ ಲೆಕ್ಕವಾಗಿಬಿಡುತ್ತದೆ. ಫ್ರಾನ್ಸಿಸನಿಗೂ ಇದು ಹೊಳೆದಿರಬೇಕು. 1220ರಲ್ಲಿ ಅವನು ತಾನೇ ಕಟ್ಟಿದ ಸಂಘದ ಅಧಿಕಾರವನ್ನು ಪೀಟರ್ ಕತಾನಿಗೆ ಬಿಟ್ಟುಕೊಟ್ಟು, ತನಗೂ ಒಬ್ಬ ಮೇಲ್ವಿಚಾರಕನನ್ನು ಕೇಳಿ ಪಡೆದು, ಅವನ ಮಾತಿನಂತೆ ನಡೆಯತೊಡಗಿದನು. ಅಂಗಡಿಯನ್ನು ಬಿಟ್ಟದ್ದಕ್ಕಿಂತ ಇದು ದೊಡ್ಡ ತ್ಯಾಗ. ತಂದೆಯ ಗಳಿಕೆಯನ್ನು ಬಿಡುವ ತರುಣರು ಆಗೀಗ ಕಾಣಸಿಗುತ್ತಾರೆ. ಸ್ವಂತ ಗಳಿಕೆಯನ್ನು ಬಿಟ್ಟು ಅದರಲ್ಲಿಯೇ ಆಳಾಗಿ ನಿಲ್ಲುವವರು ಎಷ್ಟು ಜನ? ನಮ್ಮ ಸಣ್ಣ ಸಂಘಗಳ ಕಾರ್ಯದರ್ಶಿಗಳೇ ವರ್ಷ ಮುಗಿದರೂ ಪುಸ್ತಕ, ಬೀಗದ ಕೈಗಳನ್ನು ಒಪ್ಪಿಸಲು ಮೀನಮೇಷ ಎಣಿಸುತ್ತಾರೆ.

ಆದರೆ ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸನು ಅಂಗೀಕರಿಸಿದ ನಿಯಮಾವಳಿ ಮೊದಲಿನದಕ್ಕಿಂತ ಚಿಕ್ಕದು, ಮೆತ್ತಗಿನದು. ಅದಕ್ಕೆ ತಲೆಬಾಗಿದವನು ಮರಣಶಾಸನದಲ್ಲಿ ಮಾತ್ರ, ಸೋದರರು ರೋಮಿನಿಂದ ವಿಶೇಷ ಹಕ್ಕುಗಳನ್ನು ಬೇಡಬಾರದು, ನಿಯಮಗಳಿಗೆ ಅನುಕೂಲವಾದ ವ್ಯಾಖ್ಯಾನಗಳನ್ನು ಬರೆಯಬಾರದು ಎಂದು ಕಟ್ಟಪ್ಪಣೆ ಮಾಡಿದನು. ವಿಧೇಯತೆಯನ್ನೂ ತನಗೆ ಕಂಡ ಸತ್ಯವನ್ನೂ ಕೈಬಿಡದೆ ಹಿಡಿದುಕೊಂಡೇ ಹೋದನು. ಎರಡೂ ಕೂಡಲಿಲ್ಲವೆಂಬ ನೋವು ಅವನಲ್ಲಿ ಉಳಿದೇ ಇತ್ತು.

ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಯಿತು. ವೈದ್ಯರು ಕಾದ ಕಬ್ಬಿಣದಿಂದ ಕಪೋಲವನ್ನು ಸುಟ್ಟರೂ ಗುಣವಾಗಲಿಲ್ಲ. ಆ ಕಾಲದಲ್ಲಿಯೇ ಸೂರ್ಯಚಂದ್ರರನ್ನು ಒಡಹುಟ್ಟಿದವರೆಂದು ಹೊಗಳುವ ಹಾಡನ್ನು ಲ್ಯಾಟಿನಿನಲ್ಲಲ್ಲ, ತನ್ನ ಊರಿನ ಆಡುಮಾತಿನಲ್ಲಿ ಕಟ್ಟಿದನು. ಅಸಿಸಿಯ ಬಿಷಪ್ಪನಿಗೂ ನಗರಾಧಿಕಾರಿಗೂ ಜಗಳವಾದಾಗ ಕ್ಷಮೆಯನ್ನು ಕುರಿತ ನುಡಿಯೊಂದನ್ನು ಸೇರಿಸಿ ಇಬ್ಬರ ಮುಂದೆ ಹಾಡಿಸಿದನು. ಅವರು ಒಂದಾದರೆಂದು ಹೇಳುತ್ತಾರೆ. 1226ರ ಅಕ್ಟೋಬರ್ 3ರ ಸಂಜೆ, ತನ್ನ ಇಚ್ಛೆಯಂತೆ ಬರಿ ನೆಲದ ಮೇಲೆ ಮಲಗಿ ತೀರಿಕೊಂಡನು.

ಎರಡು ವರ್ಷಗಳಲ್ಲಿ ಅವನನ್ನು ಸಂತನೆಂದು ಸಾರಿ, ಅಸಿಸಿಯಲ್ಲಿ ಭಾರಿ ದೇವಾಲಯವೊಂದಕ್ಕೆ ಕಲ್ಲು ಹಾಕಿದರು. 1230ರಲ್ಲಿ ದೇಹವನ್ನು ಅಲ್ಲಿಗೆ ಸಾಗಿಸಿದರು. ಅದೇ ವರ್ಷ, ಹಿಂದೆ ಅವನ ಆಪ್ತಮಿತ್ರನಾಗಿದ್ದ ಪೋಪ್ ಒಂಬತ್ತನೆಯ ಗ್ರೆಗರಿಯು ಮರಣಶಾಸನ ಸೋದರರಿಗೆ ಬಂಧಕವಲ್ಲವೆಂದು ತೀರ್ಪಿತ್ತನು. ದೇಹವನ್ನು ಬಂಡೆಯೊಳಗೆ ಎಷ್ಟು ಭದ್ರವಾಗಿ ಹುದುಗಿಸಿದ್ದರೆಂದರೆ, ಕಾಲಕ್ರಮದಲ್ಲಿ ಅದಿದ್ದ ಜಾಗವೇ ಮರೆತುಹೋಗಿ, ಅದು ಮತ್ತೆ ಪತ್ತೆಯಾದದ್ದು 1818ರಲ್ಲಿ.